ಮಲೆನಾಡಿನ ಮಳೆಯಲ್ಲಿ ಬೇಸ್ ರೆಕಾರ್ಡರ್: ಯಾವುದು ತರಿಸಲಿ?

ಪ್ರಶ್ನೆ: ನಾವು ಶಿವಮೊಗ್ಗದ ಐದು ಜನ ಎರಡು ವರ್ಷದಿಂದ ಒಟ್ಟಿಗೆ ರೆಕಾರ್ಡರ್ ಊದುತ್ತಿದ್ದೇವೆ. ಇಬ್ಬರದು ಸೊಪ್ರಾನೊ, ಇಬ್ಬರದು ಟೆನರ್, ನನ್ನದು ಆಲ್ಟೊ. ಭಾನುವಾರ ವಿನೋಬನಗರದ ನಮ್ಮ ಮನೆ ಮಹಡಿಯಲ್ಲಿ ಸೇರುತ್ತೇವೆ. ರಜೆ ಸಿಕ್ಕಿದರೆ ತೀರ್ಥಹಳ್ಳಿ ಹತ್ತಿರದ ತೋಟದ ಮನೆಗೂ ಹೋಗುತ್ತೇವೆ. ಎಷ್ಟು ಚೆನ್ನಾಗಿ ಊದಿದರೂ ಕೆಳಗೆ ಏನೋ ಖಾಲಿ ಅನ್ನಿಸುತ್ತದೆ. ಒಂದು ಬೇಸ್ ತರಿಸೋಣ ಅಂತ ಎಲ್ಲರೂ ಸೇರಿ 60 ಸಾವಿರ ರೂಪಾಯಿ ಕೂಡಿಸಿದ್ದೇವೆ. ಊದುವವಳು ನಾನೇ. ನನ್ನ ಎತ್ತರ 5 ಅಡಿ, ಕೈ ಚಿಕ್ಕದು. ಮರದ್ದು ತಗೊಳ್ಳಲೋ ಪ್ಲಾಸ್ಟಿಕ್ಕೋ? ಬಾಯಿಗೆ ಲೋಹದ ಕೊಳವೆ ಬರುವುದೋ, ನೇರ ಊದುವುದೋ?

ಉತ್ತರ: ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಪ್ಲಾಸ್ಟಿಕ್ ತಗೊಳ್ಳಿ. ಕೊಳವೆ ಇರುವುದನ್ನೇ ತಗೊಳ್ಳಿ. ಎರಡು ಸೊಪ್ರಾನೊಗಳಲ್ಲಿ ಒಂದನ್ನು ಪೆಟ್ಟಿಗೆಗೆ ಸೇರಿಸಿ, ಅದನ್ನು ಊದುತ್ತಿದ್ದವರಿಗೆ ನಿಮ್ಮ ಆಲ್ಟೊ ಕೊಟ್ಟುಬಿಡಿ. ನೀವು ಕೇಳದೇ ಇದ್ದದ್ದು ಈ ಕೊನೆಯ ಮಾತು. ಆದರೆ ನಿಮ್ಮ ದುಡ್ಡು ದಕ್ಕುವುದು ಬಿಡುವುದು ಅದರ ಮೇಲೇ ಜಾಸ್ತಿ ನಿಂತಿದೆ.

ರೆಕಾರ್ಡರ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ನಮ್ಮ ಕೊಳಲಿನ ಹಾಗೆ ಇದನ್ನು ಅಡ್ಡ ಹಿಡಿದು ಊದುವುದಿಲ್ಲ. ಜಾತ್ರೆಯ ಪೀಪಿಯ ಹಾಗೆ ತುದಿಯಿಂದ ಊದುತ್ತಾರೆ. ತಲೆಯೊಳಗೆ ಒಂದು ಬಿರಡೆ ಇರುತ್ತದೆ, ಬ್ಲಾಕ್ ಅಂತಾರೆ. ಬ್ಲಾಕಿನ ಮೇಲೆ ತೆಳುವಾದ ಸೀಳು. ಗಾಳಿ ಆ ಸೀಳಿನಲ್ಲಿ ಹೋಗಿ ಎದುರಿನ ಚೂಪು ಅಂಚಿಗೆ ಬಡಿದಾಗ ಸ್ವರ ಹುಟ್ಟುತ್ತದೆ. ಮೇಲಿನ ದನಿಯಿಂದ ಕೆಳಗಿನ ದನಿಗೆ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಅಂತ ಇದರದ್ದು ದೊಡ್ಡ ಸಂಸಾರ. ಬೇಸ್ ಸುಮಾರು ಒಂದು ಮೀಟರ್ ಉದ್ದ. ಇದು ಈಗಿನವರ ಕಲ್ಪನೆಯೂ ಅಲ್ಲ. 1511ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ವಾದ್ಯಗಳ ಪುಸ್ತಕದಲ್ಲೇ ರೆಕಾರ್ಡರ್ ಗುಂಪಿನ ಜೊತೆ ಬೇಸಿನ ಚಿತ್ರ ಇದೆ.

ಈಗ ನಿಮ್ಮ 'ಖಾಲಿ'ಗೆ ಬರುತ್ತೇನೆ. ತಂಬೂರಿ ಕೇಳಿ ಬೆಳೆದ ಕಿವಿ ಕೆಳಗಿನ ಷಡ್ಜವನ್ನು ಹುಡುಕುತ್ತಲೇ ಇರುತ್ತದೆ. ಅದು ಸಿಗದಿದ್ದರೆ ಮೇಲೆ ಎಷ್ಟು ಚಂದದ ಸಂಗತಿ ನಡೆದರೂ ಗಾಳಿಯಲ್ಲಿ ತೇಲಿದ ಹಾಗೆ. ನಿಮ್ಮ ತಂಡದಲ್ಲಿ ಅತಿ ಕೆಳಗಿನ ವಾದ್ಯ ಟೆನರ್. ಅದು ಮಧ್ಯದ ಸಿ ಸ್ವರಕ್ಕೆ ನಿಂತುಬಿಡುತ್ತದೆ. ಬೇಸ್ ಅದಕ್ಕಿಂತ ಒಂದು ಪಂಚಮದಷ್ಟು ಕೆಳಗಿನ ಎಫ್‌ವರೆಗೆ ಇಳಿಯುತ್ತದೆ. ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ನಾಲ್ಕು. ಸುಮಾರು 175 ಹರ್ಟ್ಸ್.

ಆ ಅಂಕಿಯನ್ನು ಸ್ವಲ್ಪ ನೋಡಿ. 175 ಹರ್ಟ್ಸ್ ಅಂದರೆ ಹೆಂಗಸರು ಮೆತ್ತಗೆ ಮಾತಾಡುವಾಗಿನ ದನಿಯ ಆಸುಪಾಸು. ಚೆಲ್ಲೋ ವಾದ್ಯ 65 ಹರ್ಟ್ಸ್‌ವರೆಗೆ ಇಳಿಯುತ್ತದೆ. ಹೆಸರು ಬೇಸ್ ಅಂತ ಇದ್ದರೂ ಇದು ನೆಲ ನಡುಗಿಸುವ ವಾದ್ಯವಲ್ಲ. ದನಿಯೂ ದೊಡ್ಡದಲ್ಲ. ಡೊಳ್ಳಿನ ನಿರೀಕ್ಷೆಯಲ್ಲಿ ತರಿಸಿದವರು ಪೆಟ್ಟಿಗೆ ಬಿಚ್ಚಿದ ದಿನವೇ ಮುಖ ಚಿಕ್ಕದು ಮಾಡುತ್ತಾರೆ.

ಹಾಗಂತ ಜೋರಾಗಿ ಊದಿ ಸರಿ ಮಾಡೋಣ ಅಂದರೆ ರೆಕಾರ್ಡರ್ ಒಪ್ಪುವುದಿಲ್ಲ. ಉಸಿರು ಜಾಸ್ತಿ ಕೊಟ್ಟರೆ ಶ್ರುತಿ ಏರುತ್ತದೆ. ಇನ್ನೂ ಕೊಟ್ಟರೆ ಸ್ವರ ಒಡೆದು ಮೇಲಿನ ಸ್ಥಾಯಿಗೆ ಎಗರುತ್ತದೆ. ಬೇಸಿನ ಕೆಳಗಿನ ಐದು ಸ್ವರಗಳಲ್ಲಿ ಈ ಕಾಟ ಹೆಚ್ಚು. ತಂಡದಲ್ಲಿ ಬೇಸ್ ಜಾಸ್ತಿ ಹೊತ್ತು ಕೂರುವುದೂ ಅಲ್ಲೇ. ಆದ್ದರಿಂದ ಬೇಸ್ ಆರಿಸುವಾಗ ನಾನು ನೋಡುವುದು ಒಂದೇ. ಉಳಿದ ನಾಲ್ಕು ಜನ ಊದುತ್ತಿರುವಾಗ ಆ ಐದು ಸ್ವರ ನಿಲ್ಲುತ್ತವೋ ಇಲ್ಲವೋ? ಒಬ್ಬರೇ ಊದಿದಾಗ ಜೇನಿನ ಹಾಗೆ ಕೇಳಿಸಿ, ಗುಂಪಿಗೆ ಬಂದಾಗ ಮಾಯವಾಗುವ ಬೇಸ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಅಂತರ್ಜಾಲದ ವಿಡಿಯೋ ನೋಡಿ ತೀರ್ಮಾನ ಮಾಡಬೇಡಿ ಅನ್ನುವುದೂ ಇದಕ್ಕೇ. ಆ ವಿಡಿಯೋಗಳಲ್ಲಿ ಒಬ್ಬರೇ ಊದುತ್ತಾರೆ, ಅದೂ ಮೈಕಿನ ಎದುರು. ಫೋನಿನ ಸ್ಪೀಕರಿಗೆ ಈ ಕೆಳಗಿನ ಸ್ವರಗಳನ್ನು ಸರಿಯಾಗಿ ನುಡಿಸುವ ಶಕ್ತಿಯೇ ಇಲ್ಲ. ನೋಡಲೇಬೇಕು ಅಂದರೆ ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು, ತಂಡದಲ್ಲಿ ಊದಿದ ವಿಡಿಯೋ ಹುಡುಕಿ ನೋಡಿ.

ಸೊಪ್ರಾನೊ ಒಂದು ಸಾಕು ಅಂದದ್ದೂ ಇದೇ ಲೆಕ್ಕದಲ್ಲಿ. ನಮ್ಮ ಕಿವಿ ಮೇಲಿನ ಸ್ವರಕ್ಕೆ ಬೇಗ ಓಗೊಡುತ್ತದೆ. ಎರಡು ಸೊಪ್ರಾನೊ ಒಂದೇ ಸಾಲನ್ನು ಊದಿದರೆ ಕೂದಲೆಳೆಯಷ್ಟು ಶ್ರುತಿ ವ್ಯತ್ಯಾಸ ಬಂದರೂ ಕಿವಿ ಕೊರೆಯುತ್ತದೆ. ಅದರಡಿ ಬೇಸ್ ಇದ್ದರೂ ಇಲ್ಲದ ಹಾಗೆ. ಒಂದು ಸೊಪ್ರಾನೊ, ಒಂದು ಆಲ್ಟೊ, ಎರಡು ಟೆನರ್, ಒಂದು ಬೇಸ್: ಐದು ಜನರಿಗೆ ಇದಕ್ಕಿಂತ ಒಳ್ಳೆಯ ಪಂಕ್ತಿ ನನಗೆ ಗೊತ್ತಿಲ್ಲ. ಸೊಪ್ರಾನೊ ಬಿಡಬೇಕಾದವರು ಮುನಿಸಿಕೊಳ್ಳಬಹುದು. ಅದು ನಿಮ್ಮ ತಂಡದ ಒಳಜಗಳ, ನಾನು ಬರುವುದಿಲ್ಲ.

ನೀವೇ ಬೇಸ್ ಊದುತ್ತೇನೆ ಅಂದದ್ದು ಸರಿಯಾದ ಆಯ್ಕೆ. ಆಲ್ಟೊ ಮತ್ತು ಬೇಸ್ ಎರಡೂ ಎಫ್ ವಾದ್ಯಗಳು, ಅಂದರೆ ಎರಡರ ಅತಿ ಕೆಳಗಿನ ಸ್ವರವೂ ಎಫ್. ಬೆರಳು ಇಡುವ ಕ್ರಮ ಹೆಚ್ಚು ಕಡಿಮೆ ಒಂದೇ. ಕಲಿಯಬೇಕಾದದ್ದು ಬೇಸ್ ಕ್ಲೆಫ್, ಅಂದರೆ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಕೆಳಗಿನ ಸ್ವರಗಳನ್ನು ಬರೆಯುವ ಕ್ರಮ, ಓದುವುದು. ಎಲ್ಲ ತೂತು ಮುಚ್ಚಿದ ಕೆಳಗಿನ ಎಫ್ ಸ್ವರ, ಐದು ಗೆರೆಗಳ ಕೆಳಗಿನ ಗೆರೆಗೆ ನೇತುಹಾಕಿದ ಹಾಗೆ ಕೂರುತ್ತದೆ. ಅಲ್ಲಿಂದ ಎಣಿಸಿಕೊಂಡು ದಿನಾ ಇಪ್ಪತ್ತು ನಿಮಿಷ ಓದಿದರೆ ಮೂರ್ನಾಲ್ಕು ವಾರದಲ್ಲಿ ಕಣ್ಣು ಪಳಗುತ್ತದೆ. ಬರೆದದ್ದಕ್ಕಿಂತ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ, ಗಾಬರಿಯಾಗಬೇಡಿ. ಅನೇಕ ತಂಡಗಳಲ್ಲಿ ಉದ್ದುದ್ದ ಸ್ವರ ತಾನೇ ಅಂತ ಬೇಸನ್ನು ತೀರಾ ಹೊಸಬರಿಗೆ ಕೊಡುತ್ತಾರೆ. ಅದು ದೊಡ್ಡ ತಪ್ಪು. ಬೇಸ್ ಊದುವವರ ತಾಳ ಜಾರಿದರೆ ಎಲ್ಲರೂ ಜಾರುತ್ತಾರೆ. ಮೊದಮೊದಲು ಬೇಸ್ ಊದುವುದು ಬೇಸರ ಅನ್ನಿಸುವುದೂ ನಿಜ, ಅದನ್ನೂ ಹೇಳಿಬಿಡುತ್ತೇನೆ.

ಇನ್ನು ಕೊಳವೆಯ ವಿಷಯ. ಬೇಸಿಗೆ ಮೂರು ಥರದ ಬಾಯಿ ಇವೆ. ಒಂದು, ನೇರ ಊದುವುದು. ತಲೆಯ ತುದಿಯನ್ನೇ ಬಾಯಿಗೆ ಇಟ್ಟುಕೊಳ್ಳುವುದು. ನಾಲಿಗೆ ಕೊಟ್ಟ ತಕ್ಷಣ ಸ್ವರ ಹೊರಡುತ್ತದೆ, ಉಸಿರಿನ ಸೂಕ್ಷ್ಮ ಎಲ್ಲ ಕೈಗೆ ಸಿಗುತ್ತದೆ. ಆದರೆ ಬಾಯಿಂದ ಕೆಳಗಿನ ಬೆರಳುಗಳವರೆಗಿನ ದೂರ ಇಡೀ ವಾದ್ಯದ ಉದ್ದ. 5 ಅಡಿ ಎತ್ತರದವರು ಕತ್ತು ಎತ್ತಿ, ಬಲಗೈ ಚಾಚಿ, ವಾದ್ಯವನ್ನು ಓರೆ ಮಾಡಿ ಹಿಡಿಯಬೇಕಾಗುತ್ತದೆ. ಅರ್ಧ ಗಂಟೆಗೆ ಬಲ ಭುಜ ಹಿಡಿದುಕೊಳ್ಳುತ್ತದೆ. ಎರಡು, ಬೋಕಲ್ ಅನ್ನುವ ಬಾಗಿದ ಲೋಹದ ಕೊಳವೆ. ವಾದ್ಯ ಎದೆಯ ಮುಂದೆ ಕೊರಳಪಟ್ಟಿಯಲ್ಲಿ ನೇತಾಡುತ್ತದೆ, ಕೊಳವೆ ಬಾಯಿಗೆ ತಾನೇ ಬರುತ್ತದೆ. ಮೂರು, ಕತ್ತು ಬಾಗಿಸಿದ ಬೇಸ್. ಜರ್ಮನ್ನರು ಕ್ನಿಕ್ ಅನ್ನುತ್ತಾರೆ. ನೇರ ಊದುವುದರ ಚುರುಕು, ಬೋಕಲಿನ ಆರಾಮ, ಎರಡೂ ಇದರಲ್ಲಿವೆ. ಮೂರರಲ್ಲಿ ನನಗೆ ಇಷ್ಟವಾದದ್ದು ಇದೇ. ಆದರೆ ಒಳ್ಳೆಯ ಕ್ನಿಕ್ ಬೇಸ್‌ಗಳು ಮರದವು. ನಿಮ್ಮ 60 ಸಾವಿರಕ್ಕೆ ಅವು ಕಿಟಕಿಯಿಂದ ನೋಡುವ ಸಾಮಾನು.

ಬೋಕಲಿನ ಬಗ್ಗೆ ದೂರು ಹೇಳುವವರು ಇದ್ದಾರೆ. ಗಾಳಿ ಕೊಳವೆಯಲ್ಲಿ ಸುತ್ತಿ ಬರುವುದರಿಂದ ನಾಲಿಗೆಯ ಪೆಟ್ಟು ಸ್ವಲ್ಪ ಮೆತ್ತಗಾಗುತ್ತದೆ. ಹೌದು, ಆಗುತ್ತದೆ. 'ತು' ಅನ್ನುವ ಬದಲು 'ಡು' ಅಂತ ನಾಲಿಗೆ ಕೊಟ್ಟು, ಉಳಿದವರಿಗಿಂತ ಕೂದಲೆಳೆ ಮುಂಚೆ ಹೊರಟರೆ ಸರಿಹೋಗುತ್ತದೆ. ಯಾವ ಬೋಕಲ್ ಆದರೂ ಇದು ವಾರ ಎರಡು ವಾರದ ಅಭ್ಯಾಸ. ಭುಜದ ನೋವು ಮಾತ್ರ ಯಾವ ಅಭ್ಯಾಸಕ್ಕೂ ಬಗ್ಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಉಸಿರಿನ ತೇವದ ಒಂದು ಪಾಲು ಕೊಳವೆಯಲ್ಲೇ ನೀರಾಗಿ ಉಳಿಯುತ್ತದೆ, ಸೀಳಿಗೆ ಹೋಗಿ ಸ್ವರ ಕಟ್ಟುವುದು ಕಮ್ಮಿ. ಊದಿ ಮುಗಿದ ಮೇಲೆ ಕೊಳವೆ ಕಳಚಿ ಕೊಡವಿ, ಅಷ್ಟೇ.

ಕೈ ಚಿಕ್ಕದು ಅಂದಿದ್ದೀರಿ. ಬೇಸಿನಲ್ಲಿ ದೂರದ ತೂತುಗಳಿಗೆ ಕೀ ಇರುತ್ತದೆ, ಅಂದರೆ ಒತ್ತಿದರೆ ಬೆರಳಿನ ಬದಲು ತೂತು ಮುಚ್ಚುವ ಸನ್ನೆ. ಉಳಿದ ತೂತುಗಳನ್ನು ಬೆರಳಲ್ಲೇ ಮುಚ್ಚಬೇಕು. ಎಷ್ಟಕ್ಕೆ ಕೀ ಇದೆ ಅನ್ನುವುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಆದ್ದರಿಂದ ಆರ್ಡರ್ ಮಾಡುವ ಮುಂಚೆ ಒಂದು ಪರೀಕ್ಷೆ. ನಿಮ್ಮ ತಂಡದ ಟೆನರನ್ನು ಒಂದು ಗಂಟೆ ಊದಿ ನೋಡಿ. ಅದರಲ್ಲಿ ಬಲಗೈ ಉಂಗುರ ಬೆರಳು ತೂತಿನಿಂದ ಜಾರದಿದ್ದರೆ ಸಾಮಾನ್ಯ ಬೇಸೂ ಒಗ್ಗುತ್ತದೆ. ಜಾರಿದರೆ ಜಾಸ್ತಿ ಕೀಗಳಿರುವ ಮಾದರಿಯನ್ನೇ ಕೇಳಿ.

ಈಗ ಮರವೋ ಪ್ಲಾಸ್ಟಿಕ್ಕೋ. ಇಲ್ಲಿ ನನ್ನದೇ ಒಂದು ಪೆದ್ದುತನದ ಕಥೆ ಇದೆ, ಕೇಳಿ.

ಸುಮಾರು ಹದಿನೈದು ವರ್ಷದ ಹಿಂದೆ ಬೇರೆ ಊರಿನ ಅಂಗಡಿಯೊಂದರಲ್ಲಿ ಕೈ ಬದಲಾದ ಮೇಪಲ್ ಮರದ ಬೇಸ್ ಸಿಕ್ಕಿತು. ನೋಡಲು ಬೆಣ್ಣೆ ಬಣ್ಣ, ಊದಲು ಅದಕ್ಕಿಂತ ಚಂದ. 'ಪ್ಯಾರಫಿನ್ ಕುಡಿಸಿದ ಮರ ಸಾರ್, ನೀರಿಗೆ ಜಗ್ಗಲ್ಲ' ಅಂದರು. ನಂಬಿದೆ. ಚೈತ್ರದಲ್ಲಿ ತಂದೆ, ಎರಡು ತಿಂಗಳು ಸ್ವರ್ಗ. ಆರಿದ್ರಾ ಮಳೆ ಹಿಡಿಯಿತು ನೋಡಿ, ಕೆಳಗಿನ ಸ್ವರ ಗೊಗ್ಗರಾಯಿತು. ಪುಷ್ಯ ಮಳೆ ಹೊತ್ತಿಗೆ ಕೆಳಗಿನ ಎಫ್ ಬಾಯೇ ಬಿಡಲಿಲ್ಲ. ಮೇಣ ಕುಡಿದದ್ದು ಮೈ ಮಾತ್ರ. ಒಳಗಿನ ಬ್ಲಾಕ್ ಸೀಡರ್ ಮರದ್ದು, ತೇವ ಹೀರಲಿ ಅಂತಲೇ ಅದನ್ನು ಹಾಗೆ ಬಿಟ್ಟಿರುತ್ತಾರೆ. ಅದು ಉಬ್ಬಿ ಸೀಳು ಕಿರಿದಾಗಿತ್ತು. ಕೀಲುಗಳೂ ಉಬ್ಬಿ ಕಚ್ಚಿಕೊಂಡಿದ್ದವು. ಬಿಡಿಸಲು ಹೋಗಿ ನಾನು ಬಲವಾಗಿ ತಿರುಚಿದೆ. ಒಣ ಪುರಲೆ ಮುರಿದ ಸದ್ದು ಬಂತು. ಕೀಲಿನ ಬಾಯಿ ಎರಡು ಬೆರಳಷ್ಟು ಉದ್ದಕ್ಕೆ ಸೀಳಿತ್ತು.

ಸಾಗರದ ಕಡೆಯ ಮರಗೆಲಸದವರೊಬ್ಬರು ಅಂಟು ಹಾಕಿ, ಸುತ್ತ ನೂಲು ಬಿಗಿದು ಕಾಣದ ಹಾಗೆ ಕೂರಿಸಿಕೊಟ್ಟರು. ಸಾಗರ, ಸೊರಬದ ಗುಡಿಗಾರರು ಗಂಧದ ತುಂಡಿನಲ್ಲಿ ಎಲೆಯ ನರ ಬಿಡಿಸುವುದನ್ನು ನೋಡಿದ ಯಾರಿಗೂ, ಈ ವಾದ್ಯ ಇಲ್ಲೇ ಮಾಡಿಸಬಹುದಲ್ಲ ಅನ್ನಿಸುತ್ತದೆ. ಕೈಚಳಕಕ್ಕೆ ಇಲ್ಲಿ ಬರವಿಲ್ಲ. ಆದರೆ ಸೀಳಿನ ಎತ್ತರದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಪಾಲು ಹೆಚ್ಚು ಕಡಿಮೆಯಾದರೆ ದನಿಯೇ ಬೇರೆಯಾಗುತ್ತದೆ. ಎಲ್ಲಿ ಎಷ್ಟು ಕೆರೆಯಬೇಕು ಅನ್ನುವುದನ್ನು ನೂರಾರು ವಾದ್ಯ ಊದಿ ಊದಿ ಕಲಿಯಬೇಕು. ಬಿರುಕು ಇಲ್ಲೇ ಮುಚ್ಚಿಸಬಹುದು. ದನಿ ತಿದ್ದಿಸಲು ಮಾಡಿದವರ ಬಳಿಗೇ ಕಳಿಸಬೇಕು.

ಮರ ಬೇಡ ಅನ್ನಲು ನನ್ನ ನಿಜವಾದ ಕಾರಣ ಇದೇ. ಮಳೆಯೊಂದೇ ಅಲ್ಲ. ಹೊಸ ಮರದ ರೆಕಾರ್ಡರ್ ಊದುತ್ತಾ ಊದುತ್ತಾ ಒಳಗೆ ಬದಲಾಗುತ್ತದೆ. ಮೊದಲ ವಾರಗಳಲ್ಲಿ ದಿನಕ್ಕೆ ಹತ್ತು ಹದಿನೈದು ನಿಮಿಷಕ್ಕಿಂತ ಜಾಸ್ತಿ ಊದಬಾರದು. ಒಂದು ವರ್ಷದ ಆಸುಪಾಸಿನಲ್ಲಿ ಬ್ಲಾಕ್ ತೆಗೆದು ಮತ್ತೆ ಹದ ಮಾಡಿಸಬೇಕಾಗುತ್ತದೆ. ಜರ್ಮನಿಯವರಿಗೆ ಅದು ಪಕ್ಕದ ಊರಿಗೆ ಪಾರ್ಸಲ್. ಶಿವಮೊಗ್ಗದಿಂದ ಕಳಿಸಿದರೆ ಹೋಗುವಾಗ ಒಂದು ಖರ್ಚು, ಬರುವಾಗ ಕಸ್ಟಮ್ಸ್‌ಗೆ ಕಾಗದಪತ್ರ, ನಡುವೆ ಎರಡು ತಿಂಗಳು ತಂಡಕ್ಕೆ ಬೇಸೇ ಇಲ್ಲ. ಅದರ ಮೇಲೆ ನಿಮ್ಮದು ಎರಡು ಮನೆ. ಶಿವಮೊಗ್ಗ ಪೇಟೆ ಮಲೆನಾಡಿನ ಹೊಸ್ತಿಲು, ಮಾರ್ಚ್ ಏಪ್ರಿಲ್ ಮಧ್ಯಾಹ್ನ ತುಟಿ ಒಡೆಯುವಷ್ಟು ಒಣಗಾಳಿ. ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋದರೆ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿದ ಮಳೆ. ನಡುವಿನ ತೋಟದ ಮನೆಯಲ್ಲಿ ಆಷಾಢದಲ್ಲಿ ಚಪ್ಪಲಿಗೂ ಬೂಸ್ಟು. ಮರಕ್ಕೆ ತೇವವೂ ಆದೀತು, ಒಣಹವೆಯೂ ಆದೀತು. ಒಂದರಿಂದ ಇನ್ನೊಂದಕ್ಕೆ ದಿಢೀರ್ ಹೋಗುವುದು ಆಗದು.

ಪ್ಲಾಸ್ಟಿಕ್ ಅಂದರೆ ಆಟದ ಸಾಮಾನು ಅಂದುಕೊಳ್ಳಬೇಡಿ. ಜಪಾನಿನ ಯಮಹಾ ಮತ್ತು ಔಲೋಸ್, ಎರಡರ ಬೇಸೂ ತಂಡಕ್ಕೆ ಧಾರಾಳವಾಗಿ ಸಾಕು. ಒಂದೇ ಅಚ್ಚಿನಿಂದ ಬರುವುದರಿಂದ ಒಂದಕ್ಕೂ ಇನ್ನೊಂದಕ್ಕೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ನೋಡದೆ ತರಿಸುವವರಿಗೆ ಇದು ದೊಡ್ಡ ಸಮಾಧಾನ ಅಲ್ವಾ? ಯಮಹಾದ ಶ್ರುತಿ ಅಚ್ಚುಕಟ್ಟು. ಔಲೋಸ್‌ನ ಕೆಳಗಿನ ಸ್ವರ ನನ್ನ ಕಿವಿಗೆ ಸ್ವಲ್ಪ ದುಂಡಗೆ ಕೇಳುತ್ತದೆ. ಆದರೆ ಇದು ರುಚಿಯ ಮಾತು. ಯಾವುದು ಬೇಗ ಸಿಗುತ್ತದೋ ಅದನ್ನು ತಗೊಳ್ಳಿ. ಒಂದು ಪ್ಲಾಸ್ಟಿಕ್ ಬೇಸಿನ ಬೆಲೆಗೆ ಪ್ಲಾಸ್ಟಿಕ್ ಸೊಪ್ರಾನೊಗಳು ಡಜನ್‌ಗಟ್ಟಲೆ ಬರುತ್ತವೆ, ಅದು ನಿಜ. ಮರದ ಬೇಸ್‌ಗಳು, ಅಂದರೆ ಜರ್ಮನಿಯ ಮೋಲನ್‌ಹೌವರ್, ಮೋಕ್, ಸ್ವಿಟ್ಜರ್ಲೆಂಡಿನ ಕ್ಯೂಂಗ್ ಮಾಡುವಂಥವು, ಲಕ್ಷ ದಾಟುತ್ತವೆ. ಚೌಕ ಪೆಟ್ಟಿಗೆಯ ಹಾಗೆ ಕಾಣುವ ಪ್ಲೈವುಡ್ಡಿನ ಪೆಟ್ಸೋಲ್ಡ್ ವಾದ್ಯಗಳನ್ನೂ ನೀವು ನೋಡಿರಬಹುದು. ಹೊಗೆ ಕೊಳವೆ ಮಡಚಿಟ್ಟ ಹಾಗಿದ್ದರೂ ದನಿ ಅದ್ಭುತ. ಅದೂ ನಿಮ್ಮ ಜೇಬಿನಾಚೆ.

ಕೆಲವರು ಇನ್ನೂ ಕೆಳಗಿಳಿಯುವ, ಸಿ ಸ್ವರದ ಗ್ರೇಟ್ ಬೇಸನ್ನೇ ತರಿಸಿ ಅನ್ನುತ್ತಾರೆ. ಈಗ ಬೇಡ. ಸೊಪ್ರಾನೊದಿಂದ ಬೇಸ್‌ವರೆಗಿನ ಮೇಳಕ್ಕೆ ಬರೆದ ಸಾಲುಗಳಿಗೆ ಎಫ್ ಬೇಸೇ ಸರಿ.

ಕೊಳ್ಳುವಾಗ ಬೆರಳು ಕ್ರಮ ಬರೋಕ್ ಅಥವಾ ಇಂಗ್ಲಿಷ್ ಅಂತ ಇರಲಿ, ಜರ್ಮನ್ ಬೇಡ. ಶ್ರುತಿ ಎ ಸ್ವರಕ್ಕೆ 440 ಅಥವಾ 442 ಹರ್ಟ್ಸ್ ಇರಲಿ. 415 ಅಂತ ಬರೆದದ್ದು ಅರ್ಧ ಸ್ವರ ಕೆಳಗೆ ನುಡಿಯುತ್ತದೆ, ನಿಮ್ಮ ಉಳಿದ ವಾದ್ಯಗಳಿಗೆ ಕೂಡುವುದಿಲ್ಲ. ವಿದೇಶದಿಂದ ತರಿಸಿದರೆ ತೆರಿಗೆ, ಸಾಗಣೆ ಸೇರಿ ಬೆಲೆ ಎಷ್ಟಾಗುತ್ತದೆ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ. ಕೂಡಿಸಿದ ಹಣದಲ್ಲಿ ಸ್ವಲ್ಪ ಅದಕ್ಕೇ ಎತ್ತಿಡಿ.

ಪಾರ್ಸಲ್ ಬಂದ ದಿನ ವಾಪಸ್ ಕಳಿಸುವ ಗಡುವಿನೊಳಗೆ ಇಷ್ಟು ನೋಡಿ. ಮೊದಲು ಒಬ್ಬರೇ ಕೂತು ಕೆಳಗಿನ ಎಫ್ ಊದಿ. ಹತ್ತು ಸಲ ನಾಲಿಗೆ ಕೊಟ್ಟರೆ ಹತ್ತು ಸಲವೂ ತಕ್ಷಣ ಬರಬೇಕು. ಬರದಿದ್ದರೆ ವಾದ್ಯವನ್ನು ಬೈಯುವ ಮುಂಚೆ ಪ್ಯಾಡ್‌ಗಳನ್ನು, ಅಂದರೆ ಕೀಯಡಿ ತೂತು ಮುಚ್ಚುವ ಮೆತ್ತೆಗಳನ್ನು ನೋಡಿ. ಸಿಗರೇಟಿನ ತೆಳು ಕಾಗದದ ಚೂರನ್ನು ಪ್ಯಾಡಿನಡಿ ಇಟ್ಟು, ಕೀ ಮೆತ್ತಗೆ ಒತ್ತಿ ಎಳೆಯಿರಿ. ಸುತ್ತಲೂ ಒಂದೇ ಸಮ ಬಿಗಿ ಸಿಗಬೇಕು. ಒಂದು ಕಡೆ ಸಡಿಲ ಇದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಸಾಗಣೆಯಲ್ಲಿ ಕೀ ಬಾಗಿ ಬರುವುದು ಮಾಮೂಲಿ. ಆಮೇಲೆ ಎಫ್ ಸ್ವರ ಹಿಡಿದು ಉಸಿರನ್ನು ನಿಧಾನ ಏರಿಸುತ್ತಾ ಹೋಗಿ. ಸ್ವರ ಒಡೆಯುವ ತನಕ ಎಷ್ಟು ಜಾಗ ಸಿಗುತ್ತದೋ ಅಷ್ಟೇ ನಿಮ್ಮ ತಂಡಕ್ಕೆ ಸಿಗುವ ಬೇಸ್. ಕೊನೆಗೆ ನಾಲ್ವರನ್ನೂ ಕರೆಸಿ ಊದಿಸಿ. ಒಬ್ಬರು ಪಕ್ಕದ ಕೋಣೆಯಲ್ಲಿ ಕೂತು ಕೇಳಲಿ. ಊದುವವರ ಕಿವಿಗೆ ಬೇಸ್ ಯಾವಾಗಲೂ ಇದ್ದದ್ದಕ್ಕಿಂತ ದೊಡ್ಡದಾಗಿ ಕೇಳುತ್ತದೆ. ಪಕ್ಕದ ಕೋಣೆಯ ಕಿವಿ ಸುಳ್ಳು ಹೇಳುವುದಿಲ್ಲ.

ಪ್ಲಾಸ್ಟಿಕ್ ಉಬ್ಬುವುದಿಲ್ಲ, ಹಾಗಂತ ಮಳೆಗಾಲಕ್ಕೆ ಅದು ಪೂರ್ತಿ ಜಗ್ಗದ್ದೂ ಅಲ್ಲ. ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲವಾದ್ದರಿಂದ ಸೀಳಿನೊಳಗೆ ಹನಿಹನಿಯಾಗಿ ನಿಂತು ಸ್ವರ ಕಟ್ಟುತ್ತದೆ. ಪಾತ್ರೆ ತೊಳೆಯುವ ದ್ರವ ಒಂದು ಪಾಲು, ನೀರು ನಾಲ್ಕೈದು ಪಾಲು ಬೆರೆಸಿ, ನಾಲ್ಕು ಹನಿ ಸೀಳಿಗೆ ಬಿಟ್ಟು ಒಣಗಲು ಬಿಡಿ. ಹನಿ ನಿಲ್ಲದೆ ಹರಿದುಹೋಗುತ್ತದೆ. ತಲೆಯ ಭಾಗವನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆಯಬಹುದು. ಕೀ ಇರುವ ಭಾಗವನ್ನು ಮಾತ್ರ ನೀರಿಗೆ ಇಳಿಸಬೇಡಿ, ಪ್ಯಾಡ್ ಹಾಳಾಗುತ್ತವೆ. ಅದನ್ನು ಒಣಬಟ್ಟೆ ಕಟ್ಟಿದ ಕೋಲಿನಿಂದ ಒಳಗೆ ಒರೆಸಿದರೆ ಸಾಕು.

ಪೆಟ್ಟಿಗೆಯೇ ನಿಮ್ಮ ಶತ್ರು. ಒಳಗಿನ ಮಖಮಲ್ಲು ಬಟ್ಟೆ ತೇವ ಹೀರಿ ಬೂಸ್ಟು ಹಿಡಿಯುತ್ತದೆ, ಆ ಬೂಸ್ಟೇ ನಿಮ್ಮ ಉಸಿರಿಗೆ ಬರುತ್ತದೆ. ಊದಿದ ಮೇಲೆ ಒಂದೆರಡು ಗಂಟೆ ನೆರಳಿನಲ್ಲಿ ಬಿಡಿಬಿಡಿಯಾಗಿ ಇಟ್ಟು ಆಮೇಲೆ ತುಂಬಿ. ಆಷಾಢ ಶ್ರಾವಣದಲ್ಲಿ ಪೆಟ್ಟಿಗೆ ಮುಚ್ಚಲೇಬೇಡಿ. ಬಲ್ಬ್ ಉರಿಸಿದ ಬೀರುವಿನಲ್ಲಿ ರೇಷ್ಮೆ ಸೀರೆ ಇಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಅದರಲ್ಲೇ ಒಂದು ಮೂಲೆ ಕೊಡಿ. ಇದು ಪ್ಲಾಸ್ಟಿಕ್ಕಿಗೆ ಮಾತ್ರ. ಮರದ ವಾದ್ಯವನ್ನು ಹಾಗೆ ಬಿಸಿಗಿಟ್ಟರೆ ಬಿರಿಯುತ್ತದೆ. ಅಡಿಕೆ ಒಣಗಿಸುವ ಹೊಗೆ ಅಟ್ಟದಲ್ಲಿ ಬೆಚ್ಚಗಿರುತ್ತದೆ ಅಂತ ಇಟ್ಟವರೂ ಇದ್ದಾರೆ. ಊದಿದರೆ ಹೊಗೆ ವಾಸನೆ, ಒಳಗೆ ಮಸಿ.

ಚಳಿಗಾಲದ ಬೆಳಗ್ಗೆ ಇನ್ನೊಂದು ಪೇಚು. ಒಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ. ಸೆಂಟ್ ಅಂದರೆ ಅರೆಸ್ವರದ ನೂರನೇ ಒಂದು ಪಾಲು. ಸೊಪ್ರಾನೊ ಎರಡು ನಿಮಿಷದ ಉಸಿರಿಗೆ ಬೆಚ್ಚಗಾಗಿ ಮೇಲೇರುತ್ತದೆ. ಒಂದು ಮೀಟರ್ ಉದ್ದದ ಬೇಸ್ ಕಾಲು ಗಂಟೆಯಾದರೂ ತಣ್ಣಗೇ ಇರುತ್ತದೆ. ಎಲ್ಲರಿಗಿಂತ ಕಾಲು ಗಂಟೆ ಮುಂಚೆ ಬನ್ನಿ. ತಲೆಯ ಭಾಗವನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕಾಫಿ ಕುಡಿಯಿರಿ. ನಗುವವರು ನಗಲಿ.

ಕೂರುವ ಜಾಗವನ್ನೂ ಹೇಳಿಬಿಡುತ್ತೇನೆ. ಬೇಸನ್ನು ಸಾಲಿನ ಕೊನೆಗೆ ತಳ್ಳಬೇಡಿ. ಅರ್ಧ ವೃತ್ತದ ನಡುವೆ ಕೂರಿ, ಬೆನ್ನ ಹಿಂದೆ ಗಟ್ಟಿ ಗೋಡೆ ಇರಲಿ. ಪರದೆ, ಹಾಸಿಗೆ ರಾಶಿ ಹಿಂದಿದ್ದರೆ ಇದ್ದ ಸ್ವಲ್ಪ ದನಿಯನ್ನೂ ಅವು ನುಂಗುತ್ತವೆ. ತೋಟದ ಮನೆಯಲ್ಲಿ ಕೆಂಪು ಗಾರೆ ನೆಲದ ಜಗುಲಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೊದಲ ಭಾನುವಾರ ಹಾಡು ಬೇಡ. ಟ್ಯೂನರ್ ಇಟ್ಟುಕೊಂಡು ನಿಮ್ಮ ಎಫ್ ಸ್ವರವೊಂದನ್ನು ಸರಿ ಮಾಡಿಕೊಳ್ಳಿ, ಆಮೇಲೆ ಟ್ಯೂನರ್ ಆರಿಸಿ. ಆ ಎಫ್ ಹಿಡಿದು ನಿಲ್ಲಿ. ಅದು ಷಡ್ಜ. ಟೆನರ್‌ನವರು ಸಿ ಹಿಡಿಯಲಿ, ಅದು ಪಂಚಮ. ಎರಡೂ ಅಲುಗದೆ ನಿಂತ ಮೇಲೆ ಆಲ್ಟೊದವರು ಎ ಹಿಡಿಯಲಿ, ಅಂತರ ಗಾಂಧಾರ. ಟ್ಯೂನರ್ ತೋರಿಸುವ ಎ ಇಲ್ಲಿ ಸುಮಾರು 14 ಸೆಂಟ್ ಹೆಚ್ಚಾಗಿ ಕೇಳುತ್ತದೆ. ತಂಬೂರಿಯ ತಂತಿಯಿಂದ ತಾನಾಗಿ ಏಳುವ ಗಾಂಧಾರ ನೆನಪಿದೆಯಲ್ಲ, ಅಲ್ಲಿಗೆ ಇಳಿಸಬೇಕು. ಉಸಿರು ಚೂರು ಕಮ್ಮಿ ಮಾಡಿದರೆ ಇಳಿಯುತ್ತದೆ. ಮೂರೂ ಸೇರಿದ ಕ್ಷಣಕ್ಕೆ, ಯಾರೂ ಊದದ ಇನ್ನೊಂದು ಸ್ವರ ಕೆಳಗೆ ಗುಂಯ್ ಅಂದ ಹಾಗೆ ಕೇಳುತ್ತದೆ. ಮಳೆ ಜೋರಾಗಿ ಹಿಡಿದು ಮಹಡಿಯ ಶೀಟಿನ ಮೇಲೆ ಬಡಿಯುತ್ತಿದ್ದರೆ ಮಾತ್ರ ಏನೂ ಕೇಳುವುದಿಲ್ಲ. ಅವತ್ತು ವಾದ್ಯ ಒರೆಸಿಟ್ಟು ಮಂಡಕ್ಕಿ ಕಲಸಿ.